ಸಾಹೇಬರ ಬೆವರು

ಇಲಾಖೆಯ ಕಾರು ಓಡಿಸುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು, ಅಲ್ಲಿಂದ ಆಚೆಗೆ ಬಂದದ್ದು ಕಡಿಮೆ. ಕಚೇರಿಗೂ ಬೀದಿಗೂ ಅವನು ಗೇರಣ್ಣ. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಅವನ ಎಡಗೈ ತನ್ನ ಪಾಡಿಗೆ ತಾನು ತೊಡೆಯ ಪಕ್ಕದಲ್ಲಿ ಗೇರ್ ಹುಡುಕುತ್ತದೆ ಎಂದು ಹೆಂಡತಿ ಯಾರ ಹತ್ತಿರವೋ ಆಡಿಕೊಂಡಿದ್ದೇ ಈ ಹೆಸರಿಗೆ ಮೂಲ.

ಗೇರಣ್ಣನಿಗೆ ಓದು ಹತ್ತಿರಲಿಲ್ಲ, ನಾಲ್ಕು ಗೋಡೆಗಳ ನಡುವೆ ಕೂರುವುದು ಅದಕ್ಕಿಂತಲೂ ಹತ್ತಿರಲಿಲ್ಲ. ಹದಿನೆಂಟನೇ ವಯಸ್ಸಿಗೆ ಸೋದರಮಾವನ ಲಾರಿ ಹತ್ತಿದವನು ಮತ್ತೆ ನೆಲಕ್ಕೆ ಸರಿಯಾಗಿ ಇಳಿದೇ ಇರಲಿಲ್ಲ ಎನ್ನಬೇಕು. ಸ್ಟೇರಿಂಗ್ ಹಿಡಿದಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು, ಮಾತು ಮೆದುವಾಗುತ್ತಿತ್ತು, ಕೆಮ್ಮು ಕೂಡ ನಿಲ್ಲುತ್ತಿತ್ತು. ಇಲಾಖೆಗೆ ಸೇರಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಏಳು ಮಂದಿ ಸಾಹೇಬರನ್ನು ಹೊತ್ತು ತಿರುಗಿದ್ದ. ಒಬ್ಬರನ್ನೂ ನಡುದಾರಿಯಲ್ಲಿ ಇಳಿಸಿದವನಲ್ಲ. ಸಾಹೇಬರುಗಳು ಬಂದರು, ಬಯ್ದರು, ಬಡ್ತಿ ಪಡೆದು ಹೋದರು; ಕಾರು ಮತ್ತು ಗೇರಣ್ಣ ಮಾತ್ರ ಅಲ್ಲೇ ಉಳಿದರು.

ಕಾರು ಹೊರಡಬೇಕಾದರೆ ಪ್ರತಿದಿನ ಬೆಳಗ್ಗೆ ಒಂದು ಸಣ್ಣ ಪೂಜೆಯಂಥ ಕೆಲಸ ನಡೆಯುತ್ತಿತ್ತು. ವಾಹನ ವಿಭಾಗದ ಗುಮಾಸ್ತರ ಮೇಜಿನ ಮೇಲೆ ದಪ್ಪ ರಟ್ಟಿನ ದಿನಚರಿ ಪುಸ್ತಕ. ಚಾಲಕ ಅದರಲ್ಲಿ ತಾರೀಕು ಹಾಕಿ, 'ವಾಹನ ಸುಸ್ಥಿತಿಯಲ್ಲಿದೆ' ಎಂದು ಕೈಯಾರೆ ಬರೆದು, ಸಹಿ ಮಾಡಬೇಕು. ಗುಮಾಸ್ತರು ಅದರ ಮೇಲೆ ಮೊಹರು ಒತ್ತಿ, ಗೋಡೆಯ ಮೊಳೆಯಲ್ಲಿ ತೂಗುವ ಕೀಲಿಯನ್ನು ತೆಗೆದುಕೊಡಬೇಕು. ಸಂಜೆ ಸಾಹೇಬರು ಅದರ ಕೆಳಗೆ 'ಪರಿಶೀಲಿಸಿದೆ' ಎಂಬಲ್ಲಿ ಸಹಿ ಹಾಕಬೇಕು. ವಾಹನ ಸುಸ್ಥಿತಿಯಲ್ಲಿಲ್ಲದಿದ್ದರೆ? ಅದಕ್ಕೂ ನಿಯಮವಿತ್ತು. ಕೀಲಿ ಮೊಳೆಯಲ್ಲೇ ಇರುತ್ತದೆ, ರಿಪೇರಿ ಆಗುವವರೆಗೆ ಚಾಲಕನನ್ನು ರೆಕಾರ್ಡ್ ರೂಮಿಗೆ ಕಳಿಸಲಾಗುತ್ತದೆ. ಸುಮ್ಮನೆ ಕೂತು ಸಂಬಳ ತಿನ್ನಬಾರದಲ್ಲ!

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇಲಾಖೆಯಲ್ಲಿ ರಿಪೇರಿಗೆ ಎಷ್ಟು ಕಾಲ ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ಕನ್ನಡಿ ಅಣ್ಣನನ್ನು ನೋಡಬೇಕಿತ್ತು. ಅವನು ಇನ್ನೊಂದು ಕಾರಿನ ಚಾಲಕ. ನಾಲ್ಕು ವರ್ಷಗಳ ಹಿಂದೆ ಒಂದು ಬೆಳಗ್ಗೆ, ಯಾವ ಗ್ರಹಚಾರವೋ, ಪುಸ್ತಕದಲ್ಲಿ 'ಎಡಬದಿಯ ಕನ್ನಡಿ ಒಡೆದಿದೆ' ಎಂದು ಇದ್ದದ್ದನ್ನು ಇದ್ದಂತೆ ಬರೆದ. ಗುಮಾಸ್ತರು ಆಗ ಇನ್ನೂ ಹೊಸಬರು, ಓದುವ ಚಟ ಇದ್ದವರು. ಕನ್ನಡಿಯ ಕಡತ ಮೇಲಕ್ಕೆ ಹೋಯಿತು. ಮೇಲಿನಿಂದ, ಬಲಬದಿಯ ಕನ್ನಡಿ ಇರುವಾಗ ಎಡಬದಿಯದರ ಅಗತ್ಯವನ್ನು ಸಮರ್ಥಿಸಿ ಎಂದು ಬಂತು. ಸಮರ್ಥನೆ ಹೋಯಿತು. ಒಡೆದ ಕನ್ನಡಿಯ ಚೂರುಗಳನ್ನು ಹಾಜರುಪಡಿಸಿ ಎಂದು ಬಂತು. ಚೂರುಗಳನ್ನು ಗುಡಿಸುವವಳು ಎಂದೋ ಎಸೆದಿದ್ದಳು. ಕಡತ ಅಲ್ಲಿಗೆ ನಿಂತಿತು, ಕಾರು ಶೆಡ್ಡಿನಲ್ಲಿ ನಿಂತಿತು, ಅದರ ನಾಲ್ಕೂ ಟೈರು ಗಾಳಿ ಬಿಟ್ಟು ನೆಲಕ್ಕೆ ಕೂತವು. ಕನ್ನಡಿ ಅಣ್ಣ ಕಚೇರಿಯ ಹಿಂಭಾಗದ ಮಹಡಿಯಲ್ಲಿ, ಒಂದೇ ಕಿಟಕಿಯ ರೆಕಾರ್ಡ್ ರೂಮಿನಲ್ಲಿ, ದಬ್ಬಳ ಮತ್ತು ದಾರ ಹಿಡಿದು ಹಳೆಯ ಕಡತಗಳನ್ನು ಹೊಲಿಯುತ್ತಾ ಕೂತ. ಗೇರಣ್ಣ ತಿಂಗಳಿಗೊಮ್ಮೆ ಅವನನ್ನು ಮಾತಾಡಿಸಲು ಹೋಗುತ್ತಿದ್ದ. ಆ ಗೋಂದಿನ ವಾಸನೆ, ಆ ಧೂಳು, ಮಾಡು ಮುಟ್ಟುವ ಕಡತಗಳ ಗೋಡೆ ನೋಡಿ ಎರಡೇ ನಿಮಿಷಕ್ಕೆ ಅವನಿಗೆ ಉಸಿರು ಕಟ್ಟುತ್ತಿತ್ತು. ಸಾಯುವುದಾದರೆ ಸ್ಟೇರಿಂಗ್ ಹಿಡಿದೇ ಸಾಯುತ್ತೇನೆ, ಇಲ್ಲಿಗೆ ಮಾತ್ರ ಬರುವುದಿಲ್ಲ ಎಂದು ಮೆಟ್ಟಿಲಿಳಿಯುವಾಗ ಪ್ರತಿಸಲವೂ ಅಂದುಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಕಾರಿನ ಮೂತಿಯ ಕೆಳಗೆ ಅಂಗೈಯಗಲ ನೀರು ಕಂಡಿತು. ಗೇರಣ್ಣ ಬಗ್ಗಿ ನೋಡಿದ, ಬೆರಳಿಗೆ ಹಚ್ಚಿಕೊಂಡು ಮೂಸಿದ. ಮಳೆಯಲ್ಲ, ನಾಯಿಯಲ್ಲ. ರೇಡಿಯೇಟರ್ ಸೋರುತ್ತಿತ್ತು. ಎಂಜಿನ್ನನ್ನು ತಣ್ಣಗಿಡುವ ನೀರೇ ನೆಲದ ಪಾಲಾದರೆ ಕಾರು ಎಷ್ಟು ದೂರ ಹೋದೀತು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಒಂಬತ್ತು ಗಂಟೆಗೆ ಗುಮಾಸ್ತರ ಮೇಜಿನ ಮುಂದೆ ನಿಂತಾಗ ಕೈ ಮಾತ್ರ ಯಾವ ಅಳುಕೂ ಇಲ್ಲದೆ 'ವಾಹನ ಸುಸ್ಥಿತಿಯಲ್ಲಿದೆ' ಎಂದು ಬರೆಯಿತು. ಕೈಗೆ ಅಭ್ಯಾಸವಾಗಿತ್ತು, ಮನಸ್ಸು ಅದರ ಹಿಂದೆ ಹೋಯಿತು.

ಮೊದಮೊದಲು ಮನೆಮದ್ದು ನಡೆಯಿತು. ಸೋಪನ್ನು ಕಲಸಿ ಬಿರುಕಿಗೆ ಮೆತ್ತಿದ. ಎರಡು ದಿನ ನಿಂತು ಮೂರನೇ ದಿನ ನೊರೆ ನೊರೆಯಾಗಿ ಸೋರಿತು. ಯಾರೋ ಮೊಟ್ಟೆಯ ಬಿಳಿ ಹಾಕು ಎಂದರು. ಹಾಕಿದ. ಆ ವಾರವೆಲ್ಲ ಕಾರು ಏರು ಹತ್ತಿದರೆ ಮೊಟ್ಟೆ ಬೆಂದ ವಾಸನೆ. ಹೆಂಡತಿ, "ಮನೇಲಿ ಒಂದು ಮೊಟ್ಟೆ ಇಲ್ಲ, ಗಾಡಿಗೆ ನಾಲ್ಕು ಕುಡಿಸಿದ್ದೀರಿ. ಹಾಗೇ ಎರಡು ಬ್ರೆಡ್ಡೂ ತುರುಕಿಬಿಡಿ" ಎಂದಳು. ಕೊನೆಗೆ ಕಚೇರಿಯ ಕಾಂಪೌಂಡಿನಾಚೆ ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ಕನ್ನು ಕಳ್ಳನಂತೆ ಕರೆತಂದು ತೋರಿಸಿದ.

ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿ ಒಂದು ಕ್ಷಣದಲ್ಲೇ ತೆಗೆದ. "ಅಣ್ಣಾ, ಇದು ಬೆಸುಗೆ ಹಾಕೋ ಕಾಲ ದಾಟಿ ಹೋಗಿದೆ. ಕೈಯಲ್ಲಿ ಮುಟ್ಟಿದ್ರೆ ಪುಡಿ ಉದುರತ್ತೆ. ಹೊಸದು ಹಾಕಿಸಿಬಿಡಿ."

"ಹೊಸದಾ? ಅದಕ್ಕೆ ಕಡತ ಹೋಗ್ಬೇಕಪ್ಪ."

"ನೀವೇ ಒಂದು ತಂದು ಹಾಕಿಸಿ, ಯಾರು ನೋಡ್ತಾರೆ?"

ಗೇರಣ್ಣ ನಕ್ಕ. ಇಲಾಖೆಯ ಕಾರಿನ ಒಂದೊಂದು ಭಾಗಕ್ಕೂ ಒಂದೊಂದು ನಂಬರು. ಹಳೆಯ ರೇಡಿಯೇಟರ್ ಬಿಚ್ಚಿ ಹೊಸದನ್ನು ಹಾಕಿದರೂ ಹಳೆಯದನ್ನು ಕದ್ದಂತೆಯೇ ಲೆಕ್ಕ. ಹೊಸದನ್ನು ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳುವ ಫಾರಂ ಇಲಾಖೆಯಲ್ಲಿರಲಿಲ್ಲ.

"ಹಾಗಾದ್ರೆ ಒಂದು ಕೆಲಸ ಮಾಡಿ" ಎಂದ ಮೆಕ್ಯಾನಿಕ್. "ಡಿಕ್ಕಿಯಲ್ಲಿ ಎರಡು ಕ್ಯಾನ್ ನೀರಿಟ್ಕೊಳ್ಳಿ. ನಿಂತ ಕಡೆ ತುಂಬಿಸಿ. ಓಡೋವಾಗ ಹೀಟರ್‌ನ ಪೂರ್ತಿ ತಿರುಗಿಸಿಬಿಡಿ. ಎಂಜಿನ್ ಬಿಸಿ ಎಲ್ಲ ಗಾಡಿ ಒಳಗಡೆ ಬಂದುಬಿಡತ್ತೆ, ಎಂಜಿನ್ ಬಚಾವ್."

"ಈ ಬಿಸಿಲಲ್ಲಿ ಹೀಟರ್ರಾ? ಒಳಗೆ ಕೂತೋರ ಗತಿ ಏನಪ್ಪಾ?"

"ನಾನು ಎಂಜಿನ್ ಮೆಕ್ಯಾನಿಕ್ಕು ಅಣ್ಣಾ, ಮನುಷ್ಯರ ವಿಚಾರ ನಂಗೆ ಗೊತ್ತಿಲ್ಲ" ಎಂದು ಅವನು ಕೈ ಒರೆಸಿಕೊಂಡು ಹೋದ.

ಒಳಗೆ ಕೂರುವವರು ಏಳನೆಯ ಸಾಹೇಬರು. ಏಳು ಮಂದಿಯಲ್ಲಿ ಗೇರಣ್ಣನಿಗೆ ಪ್ರೀತಿ ಹುಟ್ಟಿದ್ದು ಇವರೊಬ್ಬರ ಮೇಲೆ. ಕಾರು ಹತ್ತುವಾಗ "ಊಟ ಆಯ್ತೇನಪ್ಪಾ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ಮನುಷ್ಯ. ಓದದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದು ಇಲಾಖೆಯಲ್ಲೆಲ್ಲ ಅವರಿಗೆ ಹೆಸರು, ಆ ಹೆಸರಿನ ಮೇಲೆ ಅವರಿಗೂ ಸ್ವಲ್ಪ ಮೋಹ. ಕಾರಿನಲ್ಲಿ ಕೂತರೂ ತೊಡೆಯ ಮೇಲೆ ಕಡತ ಬಿಚ್ಚುವರು. ಕಾಗದ ಹಾರಿಹೋಗುತ್ತದೆಂದು ನಾಲ್ಕೂ ಕಿಟಕಿಯ ಗಾಜು ಮೇಲೆ. ಕಾರಿನ ಏಸಿ ಮೂರನೆಯ ಸಾಹೇಬರ ಕಾಲದಲ್ಲೇ ತೀರಿಕೊಂಡಿತ್ತು. ಹೀಟರ್ ಎಂಬುದೊಂದು ಕಾರಿನಲ್ಲಿ ಇರುತ್ತದೆಂದು ಆ ಊರಿನ ಬಿಸಿಲಿಗೆ ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಮೊದಲ ದಿನವೇ ಸಾಹೇಬರು ಕೊರಳ ಗುಂಡಿ ಬಿಚ್ಚಿದರು. ಎರಡನೇ ದಿನ ಕೋಟು ಬಿಚ್ಚಿದರು. ಮೂರನೇ ದಿನ ಕಡತದ ಮೇಲೆ ಬೆವರು ತೊಟ್ಟಿಕ್ಕಿ ಯಾವುದೋ ಅರ್ಜಿದಾರನ ಹೆಸರು ಅಳಿಸಿಹೋಯಿತು. ಆಗ ಅವರು ತಲೆಯೆತ್ತಿ ಕೇಳಿದರು:

"ಏನಪ್ಪಾ, ನಿನಗೂ ಹೀಗೇ ಸೆಕೆ ಆಗ್ತಿದೆಯಾ?"

ಗೇರಣ್ಣನ ಬೆನ್ನಿನ ಅಂಗಿ ಸೀಟಿಗೆ ಅಂಟಿಕೊಂಡಿತ್ತು. ಪಾದಗಳು ಒಲೆಯ ಪಕ್ಕ ಇಟ್ಟಂತೆ ಬೇಯುತ್ತಿದ್ದವು. ಹೌದು ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂದರೆ ಹೀಟರ್, ಹೀಟರ್ ಯಾಕೆ ಎಂದರೆ ರೇಡಿಯೇಟರ್, ರೇಡಿಯೇಟರ್ ಎಂದರೆ ರೆಕಾರ್ಡ್ ರೂಮು.

"ಇಲ್ವಲ್ಲ ಸಾರ್. ನಂಗೇನೂ ಅನ್ನಿಸ್ತಿಲ್ಲ" ಎಂದುಬಿಟ್ಟ.

ಸಾಹೇಬರು ಕಡತ ಮುಚ್ಚಿದರು. ಆ ಒಂದು ಮಾತು ಅವರೊಳಗೆ ಹೊಕ್ಕು ಏನು ಮಾಡಿತೆಂದು ಗೇರಣ್ಣನಿಗೆ ಆಗ ತಿಳಿಯಲಿಲ್ಲ. ಮುಂದಿನ ವಾರ ಅವರೇ, "ಆಸ್ಪತ್ರೆ ಕಡೆ ತಿರುಗಿಸಪ್ಪಾ" ಎಂದರು. ರಕ್ತ ಕೊಟ್ಟರು, ಎದೆಗೆ ತಂತಿ ಹಚ್ಚಿಸಿಕೊಂಡರು, ಉಸಿರು ಹಿಡಿದು ಬಿಟ್ಟರು. ಎಲ್ಲ ಸರಿಯಾಗಿತ್ತು. ಯಾವಾಗ ಬೆವರುತ್ತದೆ ಎಂದು ಡಾಕ್ಟರು ಕೇಳಿದರಂತೆ. ಕಾರಿನಲ್ಲಿ ಮಾತ್ರ ಎಂದರಂತೆ ಸಾಹೇಬರು. ಡಾಕ್ಟರು ಕನ್ನಡಕ ತೆಗೆದು, "ಅಂದರೆ ಕಚೇರಿಗೆ ಹೋಗುವಾಗ, ಕಚೇರಿಯಿಂದ ಬರುವಾಗ. ಅರ್ಥ ಆಯಿತಲ್ಲ? ಕೆಲಸದ ಒತ್ತಡ ಹೃದಯಕ್ಕೆ ಹೋಗುತ್ತಿದೆ. ಮಿಷನ್ನಿಗೆ ಇನ್ನೂ ಕಾಣುತ್ತಿಲ್ಲ, ಅಷ್ಟೇ" ಎಂದರಂತೆ. ಇದನ್ನೆಲ್ಲ ಸಾಹೇಬರು ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಧಾರಾಕಾರ ಬೆವರುತ್ತಾ ಹೇಳಿದರು. ಗೇರಣ್ಣ ಕನ್ನಡಿಯಲ್ಲಿ ಅವರ ಮುಖ ನೋಡಲಾರದೆ ರಸ್ತೆ ನೋಡಿದ.

ಹೀಗೆ ಎಂಟು ತಿಂಗಳು ನಡೆಯಿತು ಎಂದರೆ ನಂಬುವುದು ಕಷ್ಟ. ಆದರೆ ಕಚೇರಿಗಳಲ್ಲಿ ಕೆಲಸ ಮಾಡಿದವರು ನಂಬುತ್ತಾರೆ. ಸಾಹೇಬರು ಉಪ್ಪು ಬಿಟ್ಟರು, ಕಾಫಿ ಬಿಟ್ಟರು, ಬೆಳಗ್ಗೆ ಕಣ್ಣುಮುಚ್ಚಿ ಉಸಿರು ಎಣಿಸತೊಡಗಿದರು. ಏಳು ಕೆಜಿ ಇಳಿದರು. ಎಲ್ಲರೂ ಅವರನ್ನು ಕಂಡು ಅಯ್ಯೋ ಪಾಪ ಎನ್ನುವಾಗ ಗೇರಣ್ಣನೂ ಅಯ್ಯೋ ಪಾಪ ಎಂದ, ಎಲ್ಲರಿಗಿಂತ ಒಂದು ಸುತ್ತು ಜೋರಾಗಿಯೇ ಎಂದ. ಸೀಟಿನ ಕೆಳಗೆ ತನ್ನ ಬೆವರೊರೆಸಲು ಒಂದು ಟವೆಲ್ ಬಚ್ಚಿಟ್ಟುಕೊಂಡಿದ್ದ. ಸಾಹೇಬರು ಇಳಿದ ತಕ್ಷಣ ಅದರಲ್ಲಿ ಮುಖ ಮುಚ್ಚಿ ಒಂದು ನಿಮಿಷ ಕೂರುತ್ತಿದ್ದ. ಮತ್ತೆ ಮರುದಿನ ಒಂಬತ್ತು ಗಂಟೆಗೆ, ವಾಹನ ಸುಸ್ಥಿತಿಯಲ್ಲಿದೆ.

ಒಂದು ಶನಿವಾರ ಸಂಜೆ ಮನೆಯ ಮುಂದೆ ಇಳಿದ ಸಾಹೇಬರು ಬಾಗಿಲು ಮುಚ್ಚದೆ ಹಾಗೇ ನಿಂತರು.

"ನೋಡಪ್ಪಾ, ನಿನಗೊಬ್ಬನಿಗೇ ಮೊದಲು ಹೇಳ್ತಿದ್ದೀನಿ. ನಾನು ಕೆಲಸ ಬಿಡ್ತಿದ್ದೀನಿ. ಇನ್ನೂ ಎಂಟು ವರ್ಷ ಇತ್ತು. ಏನು ಮಾಡೋದು, ಪ್ರಾಣಕ್ಕಿಂತ ಹೆಚ್ಚೇನಲ್ಲವಲ್ಲ. ಬರೋ ಶನಿವಾರ ಮುಖ್ಯ ಕಚೇರಿಗೆ ಹೋಗಿ ಪತ್ರ ಕೊಟ್ಟು ಬರೋಣ."

ಗೇರಣ್ಣ ಎಂಜಿನ್ ಆರಿಸಿದ. "ಸಾರ್, ಅಷ್ಟೊಂದು ಯಾಕೆ ಸಾರ್..." ಎಂದ.

"ಮೊನ್ನೆ ಮಗಳು ಕೇಳಿದಳು, ಅಪ್ಪಾ, ನೀನು ಸತ್ತುಹೋಗ್ತೀಯಾ ಅಂತ" ಎಂದರು ಸಾಹೇಬರು. ನಗಲು ನೋಡಿದರು, ಆಗಲಿಲ್ಲ.

ಮನೆಗೆ ಬಂದು ಗೇರಣ್ಣ ಹೆಂಡತಿಗೆ ಹೇಳಿದ. ಅಲ್ಲಿಯವರೆಗೆ ಅವಳಿಗೆ ನೀರಿನ ಕ್ಯಾನು, ಮೊಟ್ಟೆ, ಸೋಪು ಗೊತ್ತಿತ್ತು; ಹೀಟರಿನ ವಿಷಯ ಗೊತ್ತಿರಲಿಲ್ಲ. ಅವಳು ಒಗೆದ ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು.

"ರೀ, ಒಬ್ಬ ಮನುಷ್ಯನ್ನ ಎಂಟು ತಿಂಗಳಿಂದ ಬೇಯಿಸ್ತಾ ಇದ್ದೀರಾ?"

"ನಾನೂ ಬೇಯ್ತಾ ಇದ್ದೀನಲ್ಲ ಕಣೇ."

"ನಿಮಗೆ ಯಾಕೆ ಅಂತ ಗೊತ್ತು. ಅವರಿಗೆ ಗೊತ್ತಿಲ್ಲ."

"ಹೇಳಿದ್ರೆ ನನ್ನ ಗತಿ? ರೆಕಾರ್ಡ್ ರೂಮು! ಇನ್ನು ಮೂರು ವರ್ಷಕ್ಕೆ ನಾನು ರಿಟೈರು. ಆ ಮೂರು ವರ್ಷ ದಬ್ಬಳ ಹಿಡ್ಕೊಂಡು ಕೂರ್ಲಾ?"

ಅವಳು ಅವನ ಅಂಗಿಯೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಅವಳು ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರ ಕಳೆದು ಸೋಮವಾರ ಬಂತು. ಗೇರಣ್ಣ ಗಟ್ಟಿ ಮನಸ್ಸು ಮಾಡಿದ. ಗುಮಾಸ್ತರ ಮೇಜಿನ ಮುಂದೆ ನಿಂತು, ತಾರೀಕು ಹಾಕಿ, 'ರೇಡಿಯೇಟರ್ ಸೋರುತ್ತಿದೆ. ಎಂಟು ತಿಂಗಳಾಯಿತು. ಹೀಟರ್ ಹಾಕಿ ಓಡಿಸುತ್ತಿದ್ದೇನೆ' ಎಂದು ಬರೆದು ಸಹಿ ಹಾಕಿದ. ಕಣ್ಣು ಮುಚ್ಚಿಕೊಂಡ. ಧಡ್ ಎಂದು ಮೊಹರು ಬಿತ್ತು. ಕೀಲಿ ಅವನ ಕೈಗೆ ಬಂತು. ಗುಮಾಸ್ತರು ಎದುರಿನವರೊಂದಿಗೆ ರಜೆಯ ವಿಷಯ ಮಾತಾಡುತ್ತಲೇ ಇದ್ದರು. ಓದುವ ಚಟವನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು.

ಸರಿ, ಸಂಜೆ ಸಾಹೇಬರು ಓದುತ್ತಾರೆ ಎಂದುಕೊಂಡ ಗೇರಣ್ಣ. ಸಂಜೆ ಪುಸ್ತಕ ಸಾಹೇಬರ ಮುಂದೆ ಹೋಯಿತು. ಓದದೆ ಯಾವ ಕಾಗದಕ್ಕೂ ಸಹಿ ಹಾಕದ ಸಾಹೇಬರು ಪುಸ್ತಕ ತೆರೆದದ್ದೇ 'ಪರಿಶೀಲಿಸಿದೆ' ಎಂಬಲ್ಲಿ ಸಹಿ ಎಳೆದರು. ದಿನವೂ ಅದೇ ಮಾತಿರುವ ಪುಸ್ತಕವನ್ನು ಓದುವುದೇನು ಬಂತು? ಅದನ್ನು ಅವರು ಕಾಗದ ಎಂದು ಎಣಿಸಿದವರೇ ಅಲ್ಲ.

ಮಂಗಳವಾರವೂ ಅವನು ನಿಜ ಬರೆದ. ಬುಧವಾರ ಬರೆದ. ಗುರುವಾರ ಇನ್ನೂ ಧೈರ್ಯ ಬಂದು, 'ಈ ಕಾರಿನಲ್ಲಿ ಕೂತವರು ಬೆಂದುಹೋಗುತ್ತಾರೆ' ಎಂದೂ ಸೇರಿಸಿದ. ಮೊಹರು ಬಿತ್ತು, ಸಹಿ ಬಿತ್ತು. ಗೇರಣ್ಣನಿಗೆ ನಿಧಾನವಾಗಿ ನೆಮ್ಮದಿಯಾಗತೊಡಗಿತು. ಹೇಳಬೇಕಾದ್ದನ್ನು ಹೇಳಿದ್ದೇನೆ, ಬರವಣಿಗೆಯಲ್ಲಿ ಕೊಟ್ಟಿದ್ದೇನೆ, ಮೇಲಿನವರು ನೋಡಿ ಸಹಿಯನ್ನೂ ಹಾಕಿದ್ದಾರೆ. ಇನ್ನು ನನ್ನದೇನು ತಪ್ಪು? ಇಪ್ಪತ್ತೊಂಬತ್ತು ವರ್ಷ ಕಚೇರಿಯಲ್ಲಿದ್ದು ಅವನೂ ಅಷ್ಟಿಷ್ಟು ಕಲಿತಿದ್ದ. ಶುಕ್ರವಾರ ಮನೆಗೆ ಬಂದವನ ಮುಖದಲ್ಲಿ ಕಳೆ ಇತ್ತು. ಹೆಂಡತಿಗೆ ಎಲ್ಲ ಹೇಳಿ, "ನನ್ನ ಕೈ ತೊಳ್ಕೊಂಡೆ ಕಣೇ" ಎಂದ.

"ಪುಸ್ತಕಕ್ಕೆ ಹೇಳಿದ್ದೀರಿ" ಎಂದಳು ಅವಳು. "ಮನುಷ್ಯನಿಗೆ ಹೇಳಿದ್ರಾ?"

ಶನಿವಾರ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉದ್ದನೆಯ ಲಕೋಟೆಯೊಂದನ್ನು ಎದೆಗೆ ಒತ್ತಿ ಹಿಡಿದು ಕಾರು ಹತ್ತಿದರು. "ಊಟ ಆಯ್ತೇನಪ್ಪಾ?" ಎಂದರು. ಆಯ್ತು ಸಾರ್ ಎಂದ ಗೇರಣ್ಣ. ಅವನು ಅಂದು ಏನೂ ತಿಂದಿರಲಿಲ್ಲ. ಪೇಟೆ ದಾಟಿ ಹೆದ್ದಾರಿಗೆ ಬಂದರು. ಬಿಸಿ ತೋರಿಸುವ ಮುಳ್ಳು ಮೇಲೇರಿತು, ಅವನ ಕೈ ಅಭ್ಯಾಸದಂತೆ ಹೀಟರಿನ ಗುಂಡಿಗೆ ಹೋಯಿತು. ಹಿಂದಿನಿಂದ ಸಾಹೇಬರು ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಕನ್ನಡಿಯಲ್ಲಿ ನೋಡಿದ. ಸಾಹೇಬರು ಲಕೋಟೆಗೆ ಬೆವರು ತಾಗದಂತೆ ಅದನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದರು.

ಅದನ್ನು ನೋಡಿದ ಮೇಲೆ ಗೇರಣ್ಣನಿಂದ ಆಗಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಸಾಹೇಬರೊಬ್ಬರನ್ನು ನಡುದಾರಿಯಲ್ಲಿ ನಿಲ್ಲಿಸಿದ.

"ಸಾರ್, ಒಂದು ನಿಮಿಷ ಮುಂದಿನ ಸೀಟಿಗೆ ಬನ್ನಿ ಸಾರ್."

"ಯಾಕಪ್ಪಾ? ನಿನಗೆ ಹುಷಾರಿಲ್ವಾ?"

"ಬನ್ನಿ ಸಾರ್, ಕೈ ಮುಗೀತೀನಿ."

ಸಾಹೇಬರು ಬಂದು ಕೂತರು. ಗೇರಣ್ಣ ಅವರ ಕೈ ಹಿಡಿದು ಗಾಳಿ ಬರುವ ಕಿಂಡಿಯ ಮುಂದೆ ಇಟ್ಟ. ಸಾಹೇಬರು ಸಟ್ಟನೆ ಕೈ ಹಿಂದಕ್ಕೆಳೆದರು.

"ಇದೇ ಸಾರ್ ನಿಮ್ಮ ಕಾಯಿಲೆ. ಹೀಟರ್ರು. ರೇಡಿಯೇಟರ್ ಸೋರ್ತಿದೆ, ಅದಕ್ಕೆ ನಾನೇ ಹಾಕ್ತಿದ್ದೆ. ನಂಗೆ ಸೆಕೆ ಆಗಲ್ಲ ಅಂದಿದ್ದು ಸುಳ್ಳು ಸಾರ್. ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ." ಸೀಟಿನ ಕೆಳಗಿನಿಂದ ಟವೆಲ್ ತೆಗೆದು ತೋರಿಸಿದ. ಅದನ್ನು ಹಿಂಡಿದರೆ ಒಂದು ಲೋಟ ತುಂಬುತ್ತಿತ್ತು.

ಸಾಹೇಬರು ಕಿಂಡಿಗೆ ಇನ್ನೊಮ್ಮೆ ಕೈ ಒಡ್ಡಿ ನೋಡಿದರು. ಆಮೇಲೆ ಬಾಗಿಲು ತೆರೆದು ಕೆಳಗಿಳಿದರು. ಇಳಿದವರು ಲಕೋಟೆಯನ್ನು ಸೀಟಿನ ಮೇಲೆಸೆದು ಹೆದ್ದಾರಿಯ ಅಂಚಿನಲ್ಲಿ ಓಡತೊಡಗಿದರು. ದೂರದ ಮರದವರೆಗೆ ಓಡಿ, ಅದನ್ನು ಮುಟ್ಟಿ, ಮತ್ತೆ ಓಡಿ ಬಂದರು. ಎದೆಯ ಮೇಲೆ ಕೈಯಿಟ್ಟು ನಿಂತರು. ಹೃದಯ ಗಡಿಯಾರದಂತೆ ಬಡಿಯುತ್ತಿತ್ತು. ಸಾಹೇಬರು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಲಕೋಟೆಯನ್ನು ಹರಿದು, ಮತ್ತೆ ಹರಿದು, ಗಾಳಿಗೆ ತೂರಿದರು.

"ನನ್ನ ಪ್ರಾಣ ಉಳಿಸಿದೆ ಕಣಯ್ಯಾ" ಎಂದು ಗೇರಣ್ಣನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಗೇರಣ್ಣನಿಗೂ ಅಳು ಬಂತು. ಈ ಮನುಷ್ಯನಿಗೆ ಮೊದಲ ದಿನವೇ ಹೇಳಬಾರದಿತ್ತೇ, ಇಷ್ಟೊಂದು ಹೆದರಿದೆನಲ್ಲ ಎಂದು ನಾಚಿಕೆಯಾಯಿತು. ಬರುವಾಗ ಇಬ್ಬರೂ ಮುಂದಿನ ಸೀಟಿನಲ್ಲೇ ಕೂತು, ನಾಲ್ಕೂ ಗಾಜು ಇಳಿಸಿ, ದಾರಿಯಲ್ಲಿ ಎರಡು ಸಲ ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ದರು. ಎರಡನೇ ಸಲ ಕ್ಯಾನು ಹಿಡಿದದ್ದು ಸಾಹೇಬರೇ. ಗೇರಣ್ಣನ ಜೀವನದಲ್ಲಿ ಅಂಥ ಖುಷಿಯ ಪ್ರಯಾಣ ಇನ್ನೊಂದಿರಲಿಲ್ಲ.

ಊರು ಹತ್ತಿರವಾದಾಗ ಸಾಹೇಬರು ಕೇಳಿದರು: "ಅಲ್ಲಪ್ಪಾ, ಪುಸ್ತಕದಲ್ಲಿ ಬರೀಬೇಕಿತ್ತಲ್ಲ ಇದನ್ನ?"

"ಬರೆದಿದ್ದೀನಿ ಸಾರ್. ಸೋಮವಾರದಿಂದ ಐದು ದಿನ. ನೀವು ಸಹಿ ಹಾಕಿದ್ದೀರಿ."

"ಅದಕ್ಕೂ ಮುಂಚೆ?"

"ಮುಂಚೆ... ಸುಸ್ಥಿತಿ ಅಂತ ಬರೀತಿದ್ದೆ ಸಾರ್. ಅದಕ್ಕೂ ನೀವು ಸಹಿ ಹಾಕಿದ್ದೀರಿ."

ಸಾಹೇಬರು ತಮ್ಮ ಕಡೆಯ ಗಾಜನ್ನು ನಿಧಾನವಾಗಿ ಮೇಲೇರಿಸಿದರು.

ಸೋಮವಾರ ಬೆಳಗ್ಗೆ ಅವರು ಗೇರಣ್ಣನನ್ನು ಕೋಣೆಗೆ ಕರೆಸಿ, ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಟೀ ತರಿಸಿದರು. ಎಂಟು ತಿಂಗಳ ಆ ದಿನಚರಿ ಪುಸ್ತಕ, ಅರ್ಧಕ್ಕರ್ಧ ಹಾಳೆ ಇನ್ನೂ ಖಾಲಿ ಇದ್ದರೂ, ತುಂಬಿದೆ ಎಂಬ ಷರಾದೊಂದಿಗೆ ಬೀರು ಸೇರಿತ್ತು. ಬೀರುವಿನ ಕೀಲಿ ಸಾಹೇಬರ ಜೇಬಿನಲ್ಲಿತ್ತು. ಮೇಜಿನ ಮೇಲೆ ಒಂದೇ ಒಂದು ಕಾಗದ.

"ನಿನ್ನ ಉಪಕಾರ ನಾನು ಬದುಕಿರೋವರೆಗೂ ಮರೆಯಲ್ಲ" ಎಂದರು ಸಾಹೇಬರು. ಅವರ ದನಿಯಲ್ಲಿ ಮೋಸವಿರಲಿಲ್ಲ. "ಮನೇಲಿ ನಿನ್ನ ಹೆಸರು ಹೇಳಿ ದೀಪ ಹಚ್ಚಬೇಕು ಅಂತಾಳೆ ನನ್ನ ಹೆಂಡತಿ. ಆದ್ರೆ ನೋಡು, ನಿಯಮ ಅಂದ್ರೆ ನಿಯಮ. ರೇಡಿಯೇಟರ್ ಸೋರ್ತಿದೆ ಅಂತ ನಂಗೆ ಗೊತ್ತಾದ ಮೇಲೆ ನಾನು ಸುಮ್ಮನಿರೋಕಾಗತ್ತಾ? ನನ್ನ ಹೆಸರು ಗೊತ್ತಲ್ಲ ನಿನಗೆ."

ಗೇರಣ್ಣ ತಲೆಯಾಡಿಸಿದ. ಟೀ ಕೈಯಲ್ಲೇ ಇತ್ತು. ಸಾಹೇಬರು ಕನ್ನಡಕ ಹಾಕಿ, ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ಒಂದು ಕಡೆ ತಾರೀಕು ತಪ್ಪಿತ್ತು, ತಿದ್ದಿದರು. ವಾಹನ ರಿಪೇರಿ ಆಗುವವರೆಗೆ ಚಾಲಕನನ್ನು ರೆಕಾರ್ಡ್ ರೂಮಿಗೆ ನಿಯೋಜಿಸುವ ಆ ಆದೇಶಕ್ಕೆ, ಒಂದಕ್ಷರ ಬಿಡದೆ ಓದಿ, ಸಹಿ ಹಾಕಿದರು.

ಕನ್ನಡಿ ಅಣ್ಣ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ. ದಬ್ಬಳ ಕೊಟ್ಟು, "ಹೆಬ್ಬೆರಳಿಗೆ ಬಟ್ಟೆ ಸುತ್ಕೋ, ಮೊದಲನೇ ವಾರ ಚುಚ್ಚತ್ತೆ" ಎಂದ. ಮನೆಯಲ್ಲಿ ಹೆಂಡತಿ ಮಾತ್ರ ಅಂದು ಅವನ ತಟ್ಟೆಯ ಪಕ್ಕದಿಂದ ಎದ್ದು ಹೋಗಲೇ ಇಲ್ಲ. "ನಾನೇ ಹೇಳಿಸಿದ್ದಲ್ವಾ" ಎಂದಳು. "ಇಲ್ಲ ಕಣೇ, ಹೇಳಿದ್ದು ಒಳ್ಳೇದೇ ಆಯ್ತು" ಎಂದ ಗೇರಣ್ಣ. ಅದು ನಿಜವಾಗಿತ್ತು. ನಿಜವಾಗಿದ್ದರೂ ಅವನ ಎಡಗೈ ತೊಡೆಯ ಪಕ್ಕದಲ್ಲಿ ಗೇರ್ ಹುಡುಕುತ್ತಿತ್ತು.

ರೇಡಿಯೇಟರಿನ ಕಡತ ಮೇಲಕ್ಕೆ ಹೋಯಿತು. ಸೋರಿದ ನೀರಿನ ಪ್ರಮಾಣವನ್ನು ದೃಢೀಕರಿಸಿ ಎಂದು ಬಂತು. ಆದರೆ ಸಾಹೇಬರು ಅಲ್ಲಿಯವರೆಗೆ ನಡೆದು ಓಡಾಡಲು ಆಗುತ್ತದೆಯೇ? ಗುತ್ತಿಗೆಯ ಮೇಲೆ ಹೊಸ ಚಾಲಕನೊಬ್ಬ ಬಂದ, ಹೊಸ ದಿನಚರಿ ಪುಸ್ತಕವೂ ಬಂತು. ಅದರ ಮೊದಲ ಪುಟದಲ್ಲೇ ವಾಹನ ಸುಸ್ಥಿತಿಗೆ ಬಂದಿತ್ತು. ಸಾಹೇಬರು ಈಗ ಅದನ್ನು ದಿನವೂ ಪೂರ್ತಿ ಓದಿಯೇ ಸಹಿ ಹಾಕುತ್ತಿದ್ದರು. ಕಾರಿನಲ್ಲಿ ಹೀಟರ್ ಉರಿಯುತ್ತಿತ್ತು, ಗಾಜುಗಳು ಮೇಲಿರುತ್ತಿದ್ದವು, ಸಾಹೇಬರು ಅಂಗಿಯ ತೋಳು ಮಡಚಿ ಖುಷಿಯಿಂದ ಬೆವರುತ್ತಿದ್ದರು. ಕಾಯಿಲೆ ಅಲ್ಲವೆಂದು ತಿಳಿದ ಬೆವರು ಬೇರೆಯೇ. ಕಾಫಿ ಮತ್ತೆ ಶುರುವಾಗಿತ್ತು, ಉಪ್ಪೂ ಶುರುವಾಗಿತ್ತು, ಕೆನ್ನೆ ತುಂಬಿಕೊಂಡಿತ್ತು.

ಒಂದು ಮಧ್ಯಾಹ್ನ ರೆಕಾರ್ಡ್ ರೂಮಿನ ಕಿಟಕಿಯ ಕೆಳಗೆ ಕಾರು ಬಂದು ನಿಂತಿತು. ಸದ್ದಿನಿಂದಲೇ ಗೇರಣ್ಣನಿಗೆ ಗೊತ್ತಾಯಿತು, ಎಂಜಿನ್ ಕುದಿಯುತ್ತಿದೆ. ದಬ್ಬಳ ಬಿಟ್ಟು ಎದ್ದು ನೋಡಿದ. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಹೊಸ ಚಾಲಕ ಬಾನೆಟ್ ಎತ್ತಿ, ಕೈಗೊಂದು ತೆಳ್ಳನೆಯ ಕರವಸ್ತ್ರ ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳದ ಮೇಲೆ ಕೈಯಿಟ್ಟ. ಬಿಸಿಯಿರುವಾಗ ಅದನ್ನು ತಿರುಗಿಸಿದರೆ ಕುದಿಯುವ ನೀರು ನೇರ ಮುಖಕ್ಕೆ ಚಿಮ್ಮುತ್ತದೆ.

"ಏಯ್! ಮುಟ್ಬೇಡ!" ಗೇರಣ್ಣ ಕಿಟಕಿಯ ಸರಳು ಹಿಡಿದು ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಕೂಗಿದ. "ತೆಗೀಬೇಡ ಅದನ್ನ! ಆರ್ಲಿ! ಇಪ್ಪತ್ತು ನಿಮಿಷ ಆರ್ಲಿ!"

ಹೊಸ ಚಾಲಕ ಬೆಚ್ಚಿ ಕೈ ತೆಗೆದ. ಹಿಂದಿನ ಸೀಟಿನ ಗಾಜು ನಾಲ್ಕು ಬೆರಳಷ್ಟು ಕೆಳಗಿಳಿಯಿತು. ಒಳಗಿನಿಂದ ಸಾಹೇಬರು, ಕಡತದಿಂದ ಕಣ್ಣು ತೆಗೆಯದೆ, "ಯಾರಪ್ಪಾ ಅದು ಕೂಗಿದ್ದು?" ಎಂದು ಕೇಳಿದರು.

ಹೊಸ ಚಾಲಕ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. "ಯಾರೋ ರೆಕಾರ್ಡ್ ರೂಮಿನವರು ಸಾರ್" ಎಂದ.

ಗಾಜು ಮೇಲೇರಿತು. ಗೇರಣ್ಣ ಕಿಟಕಿ ಬಿಟ್ಟು ಕದಲಲಿಲ್ಲ. ಎಂಜಿನ್ ಆರುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ ಬೇಕಿತ್ತು.